ಊರು ಕಾಡಿನ ಅಂಚಿಗೆ ಬಂದಾಗ

ಬಾಗಲಕೋಟೆಯಿಂದ ಬಾದಾಮಿಯ ಕಡೆಗೆ ವೈಶಾಖದ ಬಿಸಿಲಿನಲ್ಲಿ ಪ್ರಯಾಣ ಮಾಡುವವರಿಗೆ ಸುತ್ತಲಿನ ಗುಡ್ಡಗಳು ಬಹಳ ಬಡವಾಗಿ ತೋರುವುವು. ಕೆಂಪು ಕಲ್ಲು, ಒಣಗಿದ ಹುಲ್ಲು, ಎಲೆಯುದುರಿಸಿ ನಿಂತ ಮುಳ್ಳುಕಂಟಿ; ಅಲ್ಲೊಂದು ಇಲ್ಲೊಂದು ಬೇವಿನ ಮರ. ಇಂಥ ನೆಲವನ್ನು ನೋಡಿ 'ಇದು ಹಾಳುಭೂಮಿ, ಇಲ್ಲಿ ಏನಾದರೂ ಕಟ್ಟಿದರೆ ಒಳ್ಳೆಯದು' ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ. ಹೀಗೆ ಅನ್ನಿಸಿದ ಕೆಲವು ಕಾಲಕ್ಕೆ ಗುಡ್ಡದ ಬುಡದಲ್ಲಿ ಸುಣ್ಣ ಬಳಿದ ಗಡಿಕಲ್ಲುಗಳು ಏಳುತ್ತವೆ. ಪ್ಲಾಟುಗಳ ನಕ್ಷೆಯನ್ನು ಬರೆದ ಹಲಗೆಯೊಂದು ರಸ್ತೆಯ ಬದಿಗೆ ನಿಲ್ಲುತ್ತದೆ. ಹತ್ತಿರದ ಓಣಿಯ ಜನ ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತು ಮಾತನಾಡತೊಡಗುತ್ತಾರೆ: 'ನಮ್ಮ ಬಾವಿಗೆ ನೀರು ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಗುಡ್ಡದ ನೀರು ನಮ್ಮ ಮನೆಗೇ ನುಗ್ಗುವುದಲ್ಲವೆ? ದನ ಎಲ್ಲಿ ಮೇಯಬೇಕು? ಅಲ್ಲಿರುವ ನವಿಲು ಎಲ್ಲಿಗೆ ಹೋಗಬೇಕು?'

ಈ ಪ್ರಶ್ನೆಗಳಿಗೆ ಎರಡು ಬಗೆಯ ಉತ್ತರಗಳು ತತ್‌ಕ್ಷಣ ಸಿಗುತ್ತವೆ. ಒಂದು, 'ನಿಮಗೆ ಅಭಿವೃದ್ಧಿ ಬೇಡವೆ?' ಎಂಬುದು. ಇನ್ನೊಂದು, 'ಒಂದು ಕಂಟಿಯನ್ನೂ ಕಡಿಯಗೊಡೆವು' ಎಂಬುದು. ಎರಡರಲ್ಲಿಯೂ ಆವೇಶವಿದೆ, ಆದರೆ ಪ್ರಶ್ನೆಗೆ ಉತ್ತರವಿಲ್ಲ. ನೀರು, ಮಣ್ಣು, ಶಾಖ, ಜೀವಿಗಳು ಇವುಗಳ ವಿಷಯದಲ್ಲಿ ವಿಜ್ಞಾನವು ಏನನ್ನು ಹೇಳುತ್ತದೆಂಬುದನ್ನು ತಿಳಿದರೆ ಮಾತ್ರ ಯಾವ ಭಯಕ್ಕೆ ಆಧಾರವಿದೆ, ಯಾವುದಕ್ಕೆ ಇಲ್ಲ ಎಂದು ವಿವೇಚಿಸಬಹುದು. ಈ ಲೇಖನದಲ್ಲಿ ನಾವು ವಾಚಕರೊಡನೆ ಆ ವಿವೇಚನೆಯನ್ನು ಹಂತಹಂತವಾಗಿ ನಡೆಸಲು ಯತ್ನಿಸುವೆವು.

ಮನೆ ಬೇಕೆಂಬುದು ಸುಳ್ಳಲ್ಲ

ಮೊದಲು ಎದುರುಪಕ್ಷದ ಮಾತನ್ನು ಕೇಳುವುದು ನ್ಯಾಯ. ಬಾಗಲಕೋಟೆಯ ಜನಕ್ಕೆ ಮನೆಯನ್ನು ಕಳೆದುಕೊಳ್ಳುವುದೆಂದರೇನು ಎಂಬುದನ್ನು ಬೇರೆಯವರು ಹೇಳಿಕೊಡಬೇಕಾದುದಿಲ್ಲ. ಘಟಪ್ರಭಾ ನದಿಯ ದಡದ ಮೇಲೆ ಬೆಳೆದ ಊರು ಅದು. ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಕಟ್ಟಬೇಕಾದ ಅಣೆಕಟ್ಟಿಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. 2000ದ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸಮುದ್ರಮಟ್ಟದಿಂದ 519.6 ಮೀಟರ್ ಎತ್ತರದವರೆಗೆ ನೀರನ್ನು ನಿಲ್ಲಿಸಲು ಸಮ್ಮತಿಸಿತು. ಆ ನೀರು ಉಪನದಿಯಾದ ಘಟಪ್ರಭೆಯ ಕಣಿವೆಯಲ್ಲಿ ಹಿಂದಕ್ಕೆ ಏರಿ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಮುಳುಗಿಸಿತು. ಅಲ್ಲಿದ್ದವರಿಗಾಗಿ ಎತ್ತರದ ನೆಲದಲ್ಲಿ ಸೆಕ್ಟರುಗಳ ಲೆಕ್ಕದಲ್ಲಿ ನವನಗರವೆಂಬ ಹೊಸ ಊರನ್ನೇ ಕಟ್ಟಬೇಕಾಯಿತು. ಸುತ್ತಲಿನ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಸಾಗಿದರು.

ಕಥೆ ಅಲ್ಲಿಗೆ ಮುಗಿದಿಲ್ಲ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರ ಡಿಸೆಂಬರಿನಲ್ಲಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಮೊದಲಿನ ಮಟ್ಟಕ್ಕೂ ಇದಕ್ಕೂ ಇರುವ ಅಂತರ 4.656 ಮೀಟರು ಮಾತ್ರ. ಆದರೆ ಬಯಲುಸೀಮೆಯ ಚಪ್ಪಟೆಯಾದ ನದೀಕಣಿವೆಯಲ್ಲಿ ನೀರು ಒಂದು ಮೀಟರು ಮೇಲೇರಿದರೆ ಪಕ್ಕಕ್ಕೆ ಬಹು ದೂರ ಹರಡುತ್ತದೆ. ಆದಕಾರಣ ಇನ್ನಷ್ಟು ಹೊಲ, ಇನ್ನಷ್ಟು ಮನೆ ಬಿಡಬೇಕಾಗುವುದು ಖಂಡಿತ. ಬಿಟ್ಟವರು ನೀರು ತಲಪದ ಎತ್ತರಕ್ಕೇ ಬರಬೇಕು. ಎತ್ತರದಲ್ಲಿ ಇರುವುದು ಏನು? ಒಂದೋ ಮಸಾರಿ ಹೊಲ, ಇಲ್ಲವೆ ಗಾಯರಾಣ, ಇಲ್ಲವೆ ಕುರುಚಲು ಕಾಡು. ಇದರಿಂದ ತಿಳಿದುಬರುವುದೇನೆಂದರೆ, ಈ ಜಿಲ್ಲೆಯಲ್ಲಿ ಮನೆಗೂ ಕಾಡಿಗೂ ಬಂದಿರುವ ಇಕ್ಕಟ್ಟಿಗೆ ಕಾರಣ ಯಾರೋ ಒಬ್ಬರ ದುರಾಸೆಯಷ್ಟೇ ಅಲ್ಲ. ಭೂಮಿಯ ಏರಿಳಿತವೇ ಅದನ್ನು ತಂದೊಡ್ಡಿದೆ. ಮನೆ ಕಟ್ಟಲೇಬಾರದೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಎಲ್ಲಿ ಮತ್ತು ಹೇಗೆ ಎಂದು ಕೇಳುವ ಹಕ್ಕು ಮಾತ್ರ ಎಲ್ಲರಿಗೂ ಇದೆ.

ಕುರುಚಲು ಕಾಡಿನ ಪರಿಚಯ

ಕಾಡೆಂದೊಡನೆ ನಮ್ಮ ಮನಸ್ಸಿಗೆ ಮಲೆನಾಡಿನ ಚಿತ್ರ ಬರುತ್ತದೆ. ಆದರೆ ಬಾಗಲಕೋಟೆ ಜಿಲ್ಲೆ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550ರಿಂದ 600 ಮಿಲಿಮೀಟರು. ಅದರಲ್ಲಿಯೂ ಹೆಚ್ಚಿನ ಭಾಗ ಕೆಲವೇ ವಾರಗಳಲ್ಲಿ ಸುರಿದುಹೋಗುತ್ತದೆ. ಇಷ್ಟು ಮಳೆಗೆ ಎತ್ತರವಾದ, ದಟ್ಟವಾದ ಕಾಡು ಬೆಳೆಯಲಾರದು. ಇಲ್ಲಿಯ ಸಸ್ಯಗಳು ನೀರಿನ ಬಡತನಕ್ಕೆ ಹೊಂದಿಕೊಂಡವು: ಜಾಲಿ, ಕಗ್ಗಲಿ, ಬಾರಿ, ಕಾರೆ, ಕವಳಿ, ಬಂದರಿಕೆ, ಆವರಿಕೆ, ಬೇವು. ಎಲೆ ಚಿಕ್ಕದಾದರೆ ಆವಿಯಾಗುವ ನೀರು ಕಡಿಮೆ. ಬೇಸಗೆಯಲ್ಲಿ ಎಲೆಯನ್ನೇ ಉದುರಿಸಿದರೆ ಇನ್ನೂ ಕಡಿಮೆ. ಮುಳ್ಳಿದ್ದರೆ ಆಡಿನ ಬಾಯಿಂದ ಅಷ್ಟಿಷ್ಟು ರಕ್ಷಣೆ. ನೆಲದ ಮೇಲೆ ಮೊಳಕಾಲೆತ್ತರ ಮಾತ್ರ ಕಾಣುವ ಕಂಟಿಯ ಬೇರು ಬಂಡೆಯ ಸಂದುಗಳಲ್ಲಿ ಅದರ ಎತ್ತರಕ್ಕಿಂತ ಎಷ್ಟೋ ಪಾಲು ಆಳಕ್ಕೆ ಇಳಿದಿರುವುದುಂಟು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇಲ್ಲಿ ತಿರುಗುಮುರುಗಾಗಿದೆ. ದೂರದಿಂದ ಬರಿದಾಗಿ ಕಾಣುವ ಗುಡ್ಡ ಹತ್ತಿರದಲ್ಲಿ ತುಂಬಿದೆ. ಮೊದಲ ಎರಡು ಮಳೆ ಬಿದ್ದ ಹದಿನೈದು ದಿನಕ್ಕೆ ಅದೇ ಗುಡ್ಡವನ್ನು ನೋಡಬೇಕು. ಸತ್ತಿತೆಂದು ಎಣಿಸಿದ ನೆಲ ಹಸಿರುಟ್ಟು ನಿಂತಿರುತ್ತದೆ.

ಈ ನೆಲವನ್ನು ಬಿಟ್ಟು ದಟ್ಟ ಕಾಡಿನಲ್ಲಿ ಬದುಕಲಾರದ ಪ್ರಾಣಿಗಳೂ ಇವೆ. ಚಿಂಕಾರ ಎಂಬ ಪುಟ್ಟ ಹುಲ್ಲೆ ಅವುಗಳಲ್ಲಿ ಮುಖ್ಯವಾದುದು. ಎಲೆ ಮತ್ತು ಹುಲ್ಲಿನಲ್ಲಿರುವ ತೇವ, ಬೆಳಗಿನ ಇಬ್ಬನಿ ಇವುಗಳಿಂದಲೇ ಅದು ಬಹು ದಿನ ಕಳೆಯಬಲ್ಲುದು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿಯ ಕುರುಚಲು ಕಾಡನ್ನು ಸರ್ಕಾರವು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಅದರ ವಿಸ್ತಾರ ಸುಮಾರು 96 ಚದರ ಕಿಲೋಮೀಟರು. ಒಂದು ಕಾಲಕ್ಕೆ ಹಾಳುಭೂಮಿಯೆಂದು ಕಂಡ ನೆಲವೇ ಈಗ ಕಾಯ್ದುಕೊಳ್ಳಬೇಕಾದ ಸ್ವತ್ತಾಯಿತು. ಹಾಗಾದರೆ ಇಂಥ ಧಾಮದ ಹೊರಗೆ ಉಳಿದಿರುವ, ಯಾವ ಹೆಸರೂ ಇಲ್ಲದ ಕುರುಚಲು ನೆಲಗಳ ಗತಿಯೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಹಸಿರಾದುದೆಲ್ಲ ಕಾಡಲ್ಲ. ಹೊರದೇಶದಿಂದ ಬಂದು ಬಯಲುಸೀಮೆಯನ್ನೆಲ್ಲ ಆಕ್ರಮಿಸಿದ ಬಳ್ಳಾರಿ ಜಾಲಿ ಎಲ್ಲೆಡೆ ಒತ್ತಾಗಿ ಬೆಳೆದು ಹುಲ್ಲನ್ನೂ ನಾಡ ಗಿಡಗಳನ್ನೂ ಅಡಗಿಸುತ್ತದೆ. ಬಳ್ಳಾರಿ ಜಾಲಿಯ ಮೆಳೆಗೂ ಬಾರಿ, ಕವಳಿ, ಹುಲ್ಲು ಬೆರೆತ ಗುಡ್ಡಕ್ಕೂ ಬೆಲೆ ಒಂದೇ ಅಲ್ಲ. ಆಕ್ಷೇಪಣೆ ಸಲ್ಲಿಸುವವರು ತಾವು ಉಳಿಸಹೊರಟಿರುವುದು ಯಾವುದನ್ನು ಎಂದು ಮೊದಲು ನಡೆದು ನೋಡಬೇಕು.

ನೀರಿನ ಲೆಕ್ಕ

ಈಗ ಬಾವಿಯ ಪ್ರಶ್ನೆಗೆ ಬರೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಈ ಒಂದು ಸೂತ್ರವನ್ನು ನೆನಪಿಟ್ಟರೆ ಸಾಕು. ಒಂದು ಎಕರೆಗೆ 4,047 ಚದರ ಮೀಟರ್. ಗುಡ್ಡದ ಬುಡದಲ್ಲಿ ಹತ್ತು ಎಕರೆಯ ಬಡಾವಣೆಯೊಂದು ಆಗಲಿದೆ ಎಂದು ಊಹಿಸೋಣ. ಒಂದು ಸಂಜೆ 30 ಮಿಲಿಮೀಟರ್ ಮಳೆ ಬಿದ್ದಿತೆನ್ನೋಣ. ಆ ಹತ್ತು ಎಕರೆಯ ಮೇಲೆ ಬಿದ್ದ ನೀರು ಸುಮಾರು 12 ಲಕ್ಷ ಲೀಟರು.

ಈ ನೀರಿನಲ್ಲಿ ಎಷ್ಟು ಹರಿದುಹೋಗುವುದು, ಎಷ್ಟು ಇಂಗುವುದು? ಮಣ್ಣು, ಇಳಿಜಾರು, ಮಳೆಯ ಬಿರುಸು ಇವುಗಳಿಗೆ ತಕ್ಕಂತೆ ಇದು ಬದಲಾಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಹುಲ್ಲು ಕಂಟಿಗಳಿರುವ ಮರಳುಮಿಶ್ರಿತ ನೆಲದಲ್ಲಿ ನೂರಕ್ಕೆ ಹತ್ತರಿಂದ ಮೂವತ್ತು ಭಾಗ ಹರಿದುಹೋಗುತ್ತದೆ. ಮನೆ, ರಸ್ತೆ, ಕಾಂಕ್ರೀಟು ಅಂಗಳಗಳಿಂದ ಮುಚ್ಚಿದ ಬಡಾವಣೆಯಲ್ಲಿ ನೂರಕ್ಕೆ ಐವತ್ತರಿಂದ ಎಪ್ಪತ್ತೈದು ಭಾಗ ಹರಿದುಹೋಗುತ್ತದೆ. ಮೊದಲನೆಯದಕ್ಕೆ ಇಪ್ಪತ್ತು, ಎರಡನೆಯದಕ್ಕೆ ಅರವತ್ತು ಎಂದು ಹಿಡಿಯೋಣ. ಆಗ ಮೊದಲು 2.4 ಲಕ್ಷ ಲೀಟರ್ ಹರಿಯುತ್ತಿದ್ದ ಕಡೆ ಈಗ ಸುಮಾರು 7.3 ಲಕ್ಷ ಲೀಟರ್ ಹರಿಯುವುದು. ಹೆಚ್ಚಾದ ಪಾಲು ಐದು ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ ತೊಂಬತ್ತಕ್ಕೂ ಮೀರುತ್ತದೆ. ಅದೂ ಒಂದೇ ಸಂಜೆಯಲ್ಲಿ. ಈ ನೀರು ಕೆಳಗಿನ ಓಣಿಗೆ ನುಗ್ಗುವುದು. ಅದೇ ನೀರು ಮುಂದಿನ ಬೇಸಗೆಯಲ್ಲಿ ಬಾವಿಯಲ್ಲಿ ಇರದೆಹೋಗುವುದು. ಮನೆಗೆ ನೀರು ನುಗ್ಗುವುದೆಂದು ಒಬ್ಬರೂ ಬಾವಿ ಬತ್ತುವುದೆಂದು ಇನ್ನೊಬ್ಬರೂ ಹೇಳಿದರೆ ಅವರ ಮಾತು ಒಂದಕ್ಕೊಂದು ವಿರುದ್ಧವಲ್ಲ. ಎರಡೂ ಒಂದೇ ಲೆಕ್ಕದ ಎರಡು ಕಡೆಗಳು.

ನೆಲದಡಿಯ ಕಲ್ಲು ಯಾವುದೆಂಬುದೂ ಮುಖ್ಯ. ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು. ಕಲ್ಲಿನ ಬಿರುಕುಗಳಲ್ಲಿ ಇಳಿದ ನೀರು ಬುಡದಲ್ಲಿ ಒರತೆಯಾಗಿ ಹೊರಡುವುದುಂಟು. ಮಹಾಕೂಟದ ಪುಷ್ಕರಣಿಗೆ ನೀರುಣಿಸುವ ಒರತೆಯನ್ನು ಆ ಕಡೆಯವರೆಲ್ಲರೂ ಬಲ್ಲರು. ಇಂಥ ಒರತೆಯ ತವರು ಅದು ಹೊರಡುವ ಜಾಗದಲ್ಲಿಲ್ಲ. ಅದರ ಮೇಲಿನ ಗುಡ್ಡದಲ್ಲಿದೆ. ಬರಿಬಂಡೆಯ ಮೇಲೆ ಬಿದ್ದ ಮಳೆ ಇಂಗದೆ ಹರಿಯುತ್ತದೆಂಬುದೂ ನಿಜವೇ. ಅದನ್ನು ಅರಿತೇ ಹಿಂದಿನವರು ಬಾದಾಮಿಯಲ್ಲಿ ಎರಡು ಗುಡ್ಡಗಳ ನಡುವೆ ಅಗಸ್ತ್ಯತೀರ್ಥದಲ್ಲಿ ಆ ನೀರನ್ನು ಹಿಡಿದಿಟ್ಟರು.

ಬಾಗಲಕೋಟೆಯ ಸುತ್ತ ಸುಣ್ಣಕಲ್ಲಿದೆ. ಸುಣ್ಣಕಲ್ಲು ನೀರಿನಲ್ಲಿ ನಿಧಾನವಾಗಿ ಕರಗಿ ಅದರಲ್ಲಿ ಸಂದುಗಳು ಅಗಲವಾಗುತ್ತವೆ. ಅಲ್ಲಿ ಇಂಗಿದ ನೀರು ಬೇಗ ಸಾಗುತ್ತದೆ. ಆದರೆ ಪಾಯಖಾನೆಯ ಗುಂಡಿಯ ಕೊಳೆಯೂ ಸೋಸಿಹೋಗದೆ ಅಷ್ಟೇ ಬೇಗ ಬಾವಿಗೆ ಸಾಗಬಲ್ಲುದು. ಇಳಕಲ್ಲಿನ ಕೆಂಪು ಗ್ರಾನೈಟು ದೇಶದ ಹೊರಗೂ ಹೆಸರಾದ ಕಲ್ಲು; ಹೊಳಪು ಕೊಟ್ಟರೆ ಕನ್ನಡಿಯಂತಾಗುವ ಆ ಬಿಗಿಯೇ ನೀರಿಗೆ ತೊಡಕು. ಅಲ್ಲಿ ನೀರು ನಿಲ್ಲುವುದು ಮೇಲ್ಪದರದ ಸವೆದ ಕಲ್ಲಿನಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಆ ತೆಳು ಪದರವನ್ನು ಕೆತ್ತಿ ಸಮತಟ್ಟು ಮಾಡಿದರೆ ನೀರಿನ ಕಣಜವನ್ನೇ ಕೆತ್ತಿದಂತೆ. ಹುನಗುಂದದ ಎರೆಯ ನೆಲ ಬೇಸಗೆಯಲ್ಲಿ ಬಿರುಕುಬಿಟ್ಟು ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೊಲಕ್ಕೆ ಒಡ್ಡು ಹಾಕಿ ಮಳೆಯನ್ನು ತಡೆದು ನಿಲ್ಲಿಸುವುದನ್ನು ಅಲ್ಲಿಯ ಒಕ್ಕಲಿಗರು ಹಿಂದಿನಿಂದ ಬಲ್ಲರು. ಅಂಥ ನೆಲದಲ್ಲಿ ಗೋಡೆ ಬಿರಿಯುವುದನ್ನೂ ಬಲ್ಲರು. ಆದುದರಿಂದ ನಾಲ್ಕು ಊರಿಗೆ ಒಂದೇ ನಕ್ಷೆ ಸಲ್ಲದು.

ಬಿಸಿಲು ಮತ್ತು ಅಂಚು

ಮರಗಿಡಗಳು ತಂಪನ್ನೀಯುತ್ತವೆ ಎಂಬುದು ಸರ್ವವಿದಿತ. ಏಕೆ ಎಂಬುದನ್ನು ಸ್ವಲ್ಪ ನೋಡೋಣ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು. ಮಂಜಿನಷ್ಟು ತಣ್ಣಗಿರುವ ಐದೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ಏರಿಸಲು ಸಾಕಾಗುವಷ್ಟು ಶಾಖ ಅದು. ಎಲೆಗಳು ನೀರನ್ನು ಆವಿಯಾಗಿಸುವಾಗ ಈ ಶಾಖವನ್ನು ಸುತ್ತಲಿನಿಂದ ಎಳೆದುಕೊಳ್ಳುತ್ತವೆ. ಆದರೆ ಕುರುಚಲು ಕಾಡು ಉಗ್ರ ಬೇಸಗೆಯಲ್ಲಿ ಎಲೆಯುದುರಿಸಿರುತ್ತದೆಯಾಗಿ ಆಗ ಈ ಉಪಕಾರ ಸ್ವಲ್ಪವೇ ಎಂದು ಒಪ್ಪಬೇಕು. ಅದರ ದೊಡ್ಡ ಉಪಕಾರ ರಾತ್ರಿಯದು. ಕಲ್ಲು, ಡಾಂಬರು, ಕಾಂಕ್ರೀಟುಗಳು ಹಗಲಿನ ಶಾಖವನ್ನು ಕೂಡಿಟ್ಟುಕೊಂಡು ರಾತ್ರಿಯೆಲ್ಲ ಹೊರಗೆಡಹುತ್ತವೆ. ಹುಲ್ಲು ಕಂಟಿಗಳ ನೆಲ ಸೂರ್ಯ ಮುಳುಗಿದೊಡನೆ ಬೇಗ ತಣಿಯುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಊರ ಕಡೆಗೆ ಇಳಿದುಬರುತ್ತದೆ. ಉಷ್ಣತೆ 40 ಡಿಗ್ರಿಯನ್ನು ಮುಟ್ಟುವ ದಿನಗಳಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ ಈ ಗಾಳಿಯ ಬೆಲೆ ಗೊತ್ತು. ಗುಡ್ಡಕ್ಕೂ ಊರಿಗೂ ನಡುವೆ ಎತ್ತರದ ಮನೆಗಳ ಸಾಲು ಅಡ್ಡವಾಗಿ ಎದ್ದರೆ ಅದು ತಡೆಯುತ್ತದೆ.

ಇನ್ನು ಅಂಚಿನ ಮಾತು. 'ನಾವು ಕಾಡನ್ನು ಮುಟ್ಟುವುದಿಲ್ಲ, ಅದರ ಪಕ್ಕದಲ್ಲಿ ಮಾತ್ರ ಕಟ್ಟುತ್ತೇವೆ' ಎಂದು ಹೇಳುವುದುಂಟು. ಇದು ಪೂರ್ತಿ ಸಮಾಧಾನವಲ್ಲ. ಮನುಷ್ಯನ ಪ್ರಭಾವ ಗಡಿಕಲ್ಲಿನ ಹತ್ತಿರ ನಿಲ್ಲುವುದಿಲ್ಲ. ರಾತ್ರಿಯ ದೀಪ, ಕಸದ ರಾಶಿ, ಅದನ್ನು ನಂಬಿ ಬೆಳೆಯುವ ನಾಯಿಗಳ ಹಿಂಡು, ಒಣಹುಲ್ಲಿಗೆ ತಗಲುವ ಬೀಡಿಯ ಕಿಡಿ, ಇವೆಲ್ಲ ಒಳಕ್ಕೆ ಸಾಗುತ್ತವೆ. ನಾಯಿಯ ಹಿಂಡು ಅಟ್ಟಿದರೆ ಹುಲ್ಲೆಯ ಮರಿ ಉಳಿಯದು. ನೆಲದ ಮೇಲೆ ಮೊಟ್ಟೆಯಿಡುವ ಗೌಜಲಿನಂಥ ಹಕ್ಕಿಗಳಿಗೂ ಅದೇ ಗತಿ.

ಇದನ್ನು ಲೆಕ್ಕದಿಂದ ನೋಡೋಣ. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಚೌಕಾಕಾರದ ಕಾಡಿದೆ ಎನ್ನೋಣ; ಅದರ ವಿಸ್ತಾರ 100 ಹೆಕ್ಟೇರ್. ಅಂಚಿನ ಪ್ರಭಾವ ನೂರು ಮೀಟರ್ ಒಳಕ್ಕೆ ತಲಪುವುದೆಂದು ಹಿಡಿದರೆ ನಡುವೆ ಶಾಂತವಾಗಿ ಉಳಿಯುವುದು 800 ಮೀಟರ್ ಚೌಕ, ಎಂದರೆ 64 ಹೆಕ್ಟೇರ್. ಈಗ ಬಡಾವಣೆಗಳಿಗೆ ಹೋಗಲು ಒಂದನ್ನೊಂದು ಕತ್ತರಿಸುವ ಎರಡು ರಸ್ತೆಗಳನ್ನು ಅದರ ನಡುವೆ ಹಾಯಿಸಿದರೆ ಕಾಡು ನಾಲ್ಕು ತುಂಡಾಗುತ್ತದೆ. ಪ್ರತಿಯೊಂದು ತುಂಡಿನ ನಡುವೆ ಉಳಿಯುವುದು 300 ಮೀಟರ್ ಚೌಕ, ಎಂದರೆ 9 ಹೆಕ್ಟೇರ್; ನಾಲ್ಕೂ ಸೇರಿ 36. ಕಡಿದ ಮರಗಳು ರಸ್ತೆಯ ಅಗಲದಲ್ಲಿದ್ದಷ್ಟೇ. ಆದರೆ ಪ್ರಾಣಿಗಳ ಪಾಲಿನ ಕಾಡು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. 'ಎಷ್ಟು ಮರ ಕಡಿಯುವಿರಿ?' ಎಂಬ ಒಂದೇ ಪ್ರಶ್ನೆಯನ್ನು ಕೇಳಿ ತೃಪ್ತರಾಗುವವರು ಈ ನಷ್ಟವನ್ನು ಕಾಣಲಾರರು.

ಆಧಾರವಿಲ್ಲದ ಭಯಗಳು

ನ್ಯಾಯವಾಗಿ ವಿಚಾರಿಸುವವರು ತಮ್ಮ ಕಡೆಯ ತಪ್ಪುಗಳನ್ನೂ ಒಪ್ಪಬೇಕು. ಗುಡ್ಡದ ನೂರು ಎಕರೆ ಕಂಟಿ ಹೋದರೆ ಊರಿಗೆ ಮಳೆಯೇ ಬಾರದು ಎಂದು ಕೆಲವರು ಹೇಳುವರು. ಇದು ಸರಿಯಲ್ಲ. ನಮ್ಮ ಮುಂಗಾರು ಹಿಂಗಾರುಗಳು ಸಮುದ್ರದಿಂದ ಬರುವುವು. ಅಷ್ಟು ಚಿಕ್ಕ ಕಾಡು ಮಳೆಯನ್ನು ತರಿಸಲಾರದು, ತಡೆಯಲಾರದು. ಬಿದ್ದ ಮಳೆಯನ್ನು ಉಳಿಸಿಕೊಳ್ಳುವುದಷ್ಟೇ ಅದರ ಕೆಲಸ, ಆದರೆ ಅದು ಸಣ್ಣ ಕೆಲಸವಲ್ಲ. ಕಾಡು ಕಡಿದರೆ ಹಾವುಗಳೆಲ್ಲ ಮನೆಗೆ ಬರುವುವು ಎಂಬುದೂ ಅರ್ಧ ಸತ್ಯ. ಹಾವು ಬರುವುದು ಇಲಿಗಾಗಿ, ಇಲಿ ಬರುವುದು ಕಸಕ್ಕಾಗಿ. ಕಸವನ್ನು ಸರಿಯಾಗಿ ಸಾಗಿಸಿದರೆ ಆ ಭಯ ಬಹುಮಟ್ಟಿಗೆ ಕಡಿಮೆಯಾಗುವುದು. ಹೊಸಬರು ಬಂದರೆ ಓಣಿ ಕೆಡುವುದೆಂಬ ಮಾತನ್ನು ಕಾಡಿನ ಹೆಸರಿನಲ್ಲಿ ಆಡುವುದಂತೂ ತಕ್ಕುದಲ್ಲ. ಇಂದು ಆಕ್ಷೇಪಿಸುವವರ ಮನೆಗಳೂ ಹಿಂದೆ ಯಾವುದೋ ಹೊಲವನ್ನೋ ಗಾಯರಾಣವನ್ನೋ ಕುರುಚಲನ್ನೋ ತೆಗೆದೇ ಕಟ್ಟಿದವು. ಇದನ್ನು ನೆನೆದು ಮಾತನಾಡಿದರೆ ಆ ಮಾತಿಗೆ ತೂಕ ಬರುವುದು.

ಕಾಗದದ ಮೇಲಿನ ಕಾಡು

ನೆಲದ ಮೇಲೆ ಕಾಡಿದ್ದರೂ ಕಾಗದದಲ್ಲಿ ಇರದಿರಬಹುದು. ಉತಾರದಲ್ಲಿ 'ಗಾಯರಾಣ' ಎಂದೋ ಖಾಸಗಿ ಜಮೀನು ಎಂದೋ ಬರೆದಿದ್ದರೆ ಅದು ಕಾಡಲ್ಲವೆಂದು ವಾದಿಸುವುದು ಸುಲಭ. ಅರಣ್ಯಭೂಮಿಯನ್ನು ಬೇರೆ ಉಪಯೋಗಕ್ಕೆ ಕೊಡಬೇಕಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕೆಂದು 1980ರ ಶಾಸನ ವಿಧಿಸಿತು. ಆದರೆ ಅರಣ್ಯವೆಂದರೆ ಯಾವುದು? 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾದುದೂ ಆ ಶಾಸನಕ್ಕೆ ಒಳಪಡುವುದೆಂದು ಹೇಳಿತು. 2023ರ ತಿದ್ದುಪಡಿ ಈ ವ್ಯಾಪ್ತಿಯನ್ನು ಕಿರಿದುಮಾಡಿತು. 2024ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯವು 1996ರ ಅರ್ಥವನ್ನೇ ಸದ್ಯಕ್ಕೆ ಪಾಲಿಸಬೇಕೆಂದು ಮಧ್ಯಂತರ ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಪರಿಭಾವಿತ ಅರಣ್ಯವೆಂದು ಹಿಂದೆ ಪಟ್ಟಿಮಾಡಿದ್ದುದು ಸುಮಾರು 9.9 ಲಕ್ಷ ಹೆಕ್ಟೇರ್; 2022ರಲ್ಲಿ ಸರ್ಕಾರ ಅದನ್ನು ಸುಮಾರು 3.3 ಲಕ್ಷಕ್ಕೆ ಇಳಿಸಿತು. ಗಿಡಗಳು ಇದ್ದಲ್ಲಿಯೇ ಇದ್ದವು, ಬದಲಾದುದು ಪಟ್ಟಿ.

ನೆರೆಯ ತೆಲಂಗಾಣದಲ್ಲಿ 2025ರ ಏಪ್ರಿಲಿನಲ್ಲಿ ನಡೆದುದು ಇದಕ್ಕೆ ದೊಡ್ಡ ನಿದರ್ಶನ. ಹೈದರಾಬಾದ್ ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯಲ್ಲಿ ಸುಮಾರು 400 ಎಕರೆ ನೆಲದ ಗಿಡಮರಗಳನ್ನು ಯಂತ್ರಗಳಿಂದ ಕೆಡಹತೊಡಗಿದಾಗ ಸರ್ವೋಚ್ಚ ನ್ಯಾಯಾಲಯವು ತಾನೇ ವಿಷಯವನ್ನು ಎತ್ತಿಕೊಂಡು ಕೆಲಸವನ್ನು ನಿಲ್ಲಿಸಿತು. ಆದರೆ ಅಷ್ಟರೊಳಗೆ ಬಹಳಷ್ಟು ಮರಗಳು ಉರುಳಿದ್ದವು.

ಬಡಾವಣೆಗಳಿಗೆ ಬೇರೆ ಕಟ್ಟಳೆಗಳೂ ಇವೆ. ಹೊಲವನ್ನು ವಸತಿಗೆ ಬಳಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಶಾಸನದಂತೆ ಭೂಪರಿವರ್ತನೆ, ಜನರ ಮಾತಿನಲ್ಲಿ ಎನ್.ಎ., ಆಗಬೇಕು. ಊರಿನ ಮಹಾಯೋಜನೆಯನ್ನು ತಯಾರಿಸುವಾಗ ಜನರ ಅಭಿಪ್ರಾಯವನ್ನು ಕೇಳಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನ ಹೇಳುತ್ತದೆ. 2006ರ ಕೇಂದ್ರ ಅಧಿಸೂಚನೆಯಂತೆ 20,000 ಚದರ ಮೀಟರ್ ಕಟ್ಟಡ ಇಲ್ಲವೆ 50 ಹೆಕ್ಟೇರಿನ ಬಡಾವಣೆಯಾದರೆ ಪರಿಸರದ ಅನುಮತಿ ಬೇಕು. ಐವತ್ತು ಹೆಕ್ಟೇರ್ ಎಂದರೆ ಸುಮಾರು 124 ಎಕರೆ. ಹತ್ತು ಎಕರೆಯ ಪ್ಲಾಟುಗಳ ಬಡಾವಣೆ ಈ ವಿಸ್ತಾರದ ಅಳತೆಗೆ ಸಿಕ್ಕುವುದೇ ಇಲ್ಲ. ಹತ್ತುಹತ್ತು ಎಕರೆಯಂತೆ ಗುಡ್ಡದ ಸುತ್ತ ಹನ್ನೆರಡು ಬಡಾವಣೆಗಳಾದರೂ ಪ್ರತಿಯೊಂದೂ ಚಿಕ್ಕದೇ. ನೀರು ಮಾತ್ರ ಹನ್ನೆರಡನ್ನೂ ಕೂಡಿಸಿಯೇ ಹರಿಯುತ್ತದೆ. ಬಾದಾಮಿಯ ಗುಹಾಲಯದಂಥ ಸಂರಕ್ಷಿತ ಸ್ಮಾರಕದ ಸುತ್ತ ನೂರು ಮೀಟರಿನಲ್ಲಿ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂರು ಮೀಟರಿನಲ್ಲಿ ನಿಯಂತ್ರಿತ ಎಂದು 2010ರ ಕಾನೂನು ಗೆರೆ ಎಳೆದಿದೆ. ಹೆಸರಿಲ್ಲದ ಕುರುಚಲಿಗೆ ಅಂಥ ಗೆರೆಯನ್ನು ಯಾರೂ ಎಳೆದಿಲ್ಲ.

ನಾವೇ ಮಾಡಿ ನೋಡಬಹುದಾದ ಪರೀಕ್ಷೆ

ವಾಚಕರು ಸುಲಭವಾಗಿ ಮಾಡಬಹುದಾದ ಪ್ರಯೋಗವೊಂದನ್ನು ಇಲ್ಲಿ ಹೇಳುವೆವು. ಗೇಣಗಲದ ತಗಡಿನ ಡಬ್ಬಿಯೊಂದರ ಮೇಲಿನ ಮತ್ತು ಕೆಳಗಿನ ತಗಡನ್ನು ಕತ್ತರಿಸಿ ಕೊಳವೆಯಂತೆ ಮಾಡಿರಿ. ಕಂಟಿಯ ಬುಡದ ಮಣ್ಣಿನಲ್ಲಿ ಅದನ್ನು ನಾಲ್ಕು ಬೆರಳಿನಷ್ಟು ಊರಿ, ಒಂದು ಲೀಟರ್ ನೀರನ್ನು ಮೆಲ್ಲಗೆ ಹೊಯ್ದು, ನೀರು ಪೂರ್ತಿ ಇಂಗಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರದಲ್ಲಿ ನೋಡಿ ಬರೆದಿಡಿರಿ. ಅನಂತರ ಗಾಡಿಗಳು ಓಡಾಡಿ ಗಟ್ಟಿಯಾದ ನೆಲದಲ್ಲಿ, ಸಮತಟ್ಟು ಮಾಡಿದ ಪ್ಲಾಟಿನಲ್ಲಿ ಇದನ್ನೇ ಮಾಡಿರಿ. ಒಂದೊಂದು ಕಡೆ ಮೂರು ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಬೇರು ಗೆದ್ದಲುಗಳು ಕೊರೆದ ಸಡಿಲ ಮಣ್ಣಿಗೂ ತುಳಿದ ಮಣ್ಣಿಗೂ ಇರುವ ಅಂತರ ಆಗ ಕಣ್ಣಿಗೆ ಕಾಣುವುದು. ಇದರೊಡನೆ ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಓಣಿಯ ಬಾವಿಗಳಿಗೆ ಗಂಟು ಹಾಕಿದ ಹಗ್ಗವನ್ನು ಇಳಿಬಿಟ್ಟು ನೀರಿನ ಮಟ್ಟವನ್ನು ಅಳೆದಿಡಿರಿ. ದೊಡ್ಡ ಮಳೆ ಬಂದ ದಿನ ನೀರು ಯಾವ ದಾರಿಯಲ್ಲಿ ಇಳಿಯಿತೆಂದು ನಡೆದು ನೋಡಿ ನಕ್ಷೆಯಲ್ಲಿ ಗುರುತಿಸಿರಿ. 'ನಮಗೆ ತೊಂದರೆಯಾಗುವುದು' ಎಂಬ ಅರ್ಜಿಗಿಂತ ದಿನಾಂಕ ಸಹಿತವಾದ ಇಂಥ ಒಂದು ಪುಟ ಅಧಿಕಾರಿಗಳ ಮುಂದೆ ಹೆಚ್ಚು ಬೆಲೆಯುಳ್ಳದ್ದು.

ಹಾಗೆ ಅಳೆದವರು ಕೇಳಬೇಕಾದುದು ಇಷ್ಟು: ಈ ಮನೆಗಳಿಗೆ ಈಗಾಗಲೇ ಬಯಲಾದ, ಊರಿಗೆ ಹತ್ತಿರದ ನೆಲ ಸಿಕ್ಕದೆ? ಗುಡ್ಡದಿಂದಿಳಿಯುವ ಹಳ್ಳಗಳ ಎರಡು ದಂಡೆಗಳನ್ನು ಕಟ್ಟದೆ ಬಿಟ್ಟಿದ್ದಾರೆಯೆ? ರಸ್ತೆಗಳು ಇಳಿಜಾರಿಗೆ ಅಡ್ಡವಾಗಿ ಹೋಗುವುವೆ, ನೀರಿನ ಕಾಲುವೆಯಂತೆ ನೇರವಾಗಿ ಇಳಿಯುವುವೆ? ಹೆಚ್ಚಾಗುವ ನೀರಿಗೆ ಇಂಗುಗುಂಡಿಗಳು ಎಷ್ಟು, ಎಲ್ಲಿ? ಕೊಳೆನೀರು ಎಲ್ಲಿಗೆ? ಕಾಡಿನ ಅಂಚಿಗೂ ಮೊದಲ ಮನೆಗೂ ನಡುವೆ ಎಷ್ಟು ಅಂತರ, ಅಲ್ಲಿ ನಾಡ ಗಿಡಗಳನ್ನೇ ಬೆಳೆಸುವರೆ? ಕಾಡನ್ನು ತುಂಡು ಮಾಡುವ ರಸ್ತೆ ಇದೆಯೆ? ಇವಕ್ಕೆ ಒಳ್ಳೆಯ ಉತ್ತರವಿದ್ದರೆ ಬಡಾವಣೆ ಊರಿಗೆ ಶತ್ರುವಲ್ಲ. ಅಲ್ಲಿ ಬರುವವರು ನಾಳೆ ನೆರೆಯವರೇ. ಉತ್ತರವಿಲ್ಲದಿದ್ದರೆ ಆ ನೆಲದಲ್ಲಿ ಮನೆ ಕಟ್ಟಿಕೊಳ್ಳುವವರೇ ಮೊದಲು ಕಷ್ಟಪಡುವರು. ಆದುದರಿಂದ ಈ ಪ್ರಶ್ನೆಗಳು ಅವರ ಪರವಾಗಿಯೂ ಕೇಳುವ ಪ್ರಶ್ನೆಗಳು.

ಇದನ್ನು ಕೇಳುವ ಕಾಲ ಯಾವುದೆಂಬುದು ಎಲ್ಲಕ್ಕಿಂತ ಮುಖ್ಯ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿ ಫಲವಿಲ್ಲ. ಕಡಿದ ಬೇವನ್ನು ಮತ್ತೆ ನೆಡಬಹುದು. ಆದರೆ ಯಂತ್ರದಿಂದ ಕೆತ್ತಿಹಾಕಿದ ಮೇಲ್ಮಣ್ಣನ್ನು, ಮುಚ್ಚಿದ ಒರತೆಯ ಬಿರುಕನ್ನು ನಮ್ಮ ಆಯುಷ್ಯದಲ್ಲಿ ಮರಳಿ ಪಡೆಯಲಾಗದು. ಭೂಪರಿವರ್ತನೆಯ ಅರ್ಜಿ ಕಚೇರಿಯಲ್ಲಿರುವಾಗ, ಮಹಾಯೋಜನೆಯ ಕರಡು ಪ್ರಕಟವಾದಾಗ, ಮೊದಲ ಗಡಿಕಲ್ಲು ಬೀಳುವ ಮುನ್ನ ಕೇಳಿದ ಪ್ರಶ್ನೆಯಿಂದ ನಕ್ಷೆ ತಿದ್ದಬಹುದು.

ಬಾದಾಮಿಯ ಹತ್ತಿರ ಚೊಳಚಗುಡ್ಡದಲ್ಲಿ ಪುಷ್ಯ ಮಾಸದ ಬನದ ಹುಣ್ಣಿಮೆಗೆ ಜಾತ್ರೆ ಕೂಡುವ ಬನಶಂಕರಿಯನ್ನು ಈ ನಾಲ್ಕೂ ಊರಿನ ಜನ ಬಲ್ಲರು. ಆ ತಾಯಿಯ ಹೆಸರಿನಲ್ಲಿಯೇ ಬನವಿದೆ, ಹುಣ್ಣಿಮೆಯ ಹೆಸರಿನಲ್ಲಿಯೂ ಬನವಿದೆ. ಸಾವಿರಾರು ಜನ ಬಂಡಿ ಕಟ್ಟಿಕೊಂಡು ಹೋಗುವ ಆ ದಾರಿಯಲ್ಲಿ ಈ ಸಲ ಹೋಗುವವರು ಎರಡೂ ಬದಿಯ ಗುಡ್ಡಗಳನ್ನು ಒಮ್ಮೆ ನಿಂತು ನೋಡಲಿ. ಕಂಟಿಗಳ ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಡಲಿ. ಹೆಸರು ತಿಳಿದ ಗಿಡ ಬೆಳೆದ ನೆಲವನ್ನು ಹಾಳುಭೂಮಿಯೆಂದು ಕರೆಯಲು ಯಾರಿಗೂ ಬೇಗ ಬಾಯಿ ಬರಲಾರದು.